ವೆಂಕಟಲಕ್ಷ್ಮಮ್ಮನ ಹಿತ್ತಲ ಮಣ್ಣು

ಲಗ್ಗೆರೆಯ ಆ ಅಡ್ಡರಸ್ತೆಯಲ್ಲಿ ವೆಂಕಟಲಕ್ಷ್ಮಮ್ಮನ ಗಂಟಲು ಕೇಳದ ಮನೆಯಿಲ್ಲ. ಬಾಡಿಗೆಯವರು ನಲ್ಲಿ ಸರಿಯಾಗಿ ತಿರುಗಿಸದೆ ಹೋದರೆ ಒಂದು ಕೂಗು, ಕಸದ ಗಾಡಿ ಬಂದಾಗ ಹಸಿ ಕಸಕ್ಕೆ ಒಣ ಕಸ ಬೆರೆಸಿದರೆ ಇನ್ನೊಂದು ಕೂಗು. ಅರವತ್ತು ದಾಟಿದ ಹೆಂಗಸು, ಗಟ್ಟಿ ಮೈ, ಸೊಂಟಕ್ಕೆ ಬಿಗಿದ ಸೆರಗು. ಬಾಡಿಗೆಯವರ ಬಾಯಲ್ಲಿ ಆಕೆ ‘ಓನರಮ್ಮ’. ಹೆದರುತ್ತಿದ್ದರು ನಿಜ. ಆದರೆ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಮೆಣಸಿನ ಸಾರು ಹೋಗುತ್ತಿದ್ದದ್ದು ಆಕೆಯ ಅಡಿಗೆ ಮನೆಯಿಂದಲೇ.

ಆಕೆ ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ಕೆಂಚಪ್ಪನವರಿಗೆ ಹೇಳಿಕೊಳ್ಳಲು ಒಂದು ದೊಡ್ಡ ಕಥೆಯಿತ್ತು. ಕಣ್ಣು ಹಾಯಿಸಿದಷ್ಟು ದೂರ ರಾಗಿ ಹೊಲ, ಬದುವಿನ ಮೇಲೆ ಅವರೆ. ಪೀಣ್ಯದ ಕಾರ್ಖಾನೆಗಳಿಗೆಂದು ಸರ್ಕಾರ ಬಹುಪಾಲು ಭೂಮಿ ತೆಗೆದುಕೊಂಡ ಮೇಲೆ ಉಳಿದದ್ದು ಮನೆ ಮತ್ತು ಮನೆಯ ಹಿಂದಿನ ಒಂದು ತುಂಡು ನೆಲ. ಆ ತುಂಡಿನಲ್ಲಿ ಗಂಡ ಸಾಲಾಗಿ ಸಣ್ಣ ಮನೆಗಳನ್ನು ಕಟ್ಟಿಸಿದ, ಅವುಗಳ ಹಿಂದೆ ಶೀಟು ಹೊದಿಸಿದ ಮೂರು ಶೆಡ್ಡು ಎತ್ತಿಸಿದ. ಅವನು ತೀರಿಹೋದ ಮೇಲೆ ಎಲ್ಲವನ್ನೂ ನೋಡಿಕೊಂಡವಳು ವೆಂಕಟಲಕ್ಷ್ಮಮ್ಮನೇ. ಒಂದು ಶೆಡ್ಡಿನಲ್ಲಿ ಲೇತ್ ಮಿಷನ್, ಒಂದರಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾಡುವವರು. ಮೂಲೆಯದರಲ್ಲಿ ಗದಗದ ಕಡೆಯ ರುದ್ರೇಶ. ಹಳೇ ಬ್ಯಾಟರಿ ತರುತ್ತಾನೆ, ಒಡೆಯುತ್ತಾನೆ, ಒಳಗಿನದನ್ನು ಕರಗಿಸಿ ಗಟ್ಟಿ ಹೊಯ್ದು ಮಾರುತ್ತಾನೆ. ಅಷ್ಟು ಆಕೆಗೆ ಗೊತ್ತಿತ್ತು. ಬಾಡಿಗೆ ಸರಿಯಾಗಿ ಬರುತ್ತಿರುವಾಗ ಒಳಗೇನು ಮಾಡುತ್ತಾರೆ ಎಂದು ಬಗ್ಗಿ ನೋಡುವುದು ಓನರ್‌ಗೆ ಲಕ್ಷಣವಲ್ಲ ಎನ್ನುವುದು ಆಕೆಯ ನಂಬಿಕೆ. ಶೆಡ್ಡಿನ ಪಕ್ಕದ ನುಗ್ಗೆ ಮರ ಒಣಗುತ್ತಾ ಬಂದಾಗಲೂ ಗೆದ್ದಲು ಹಿಡಿದಿರಬೇಕು ಎಂದುಕೊಂಡಳು.

ಮನೆಯಲ್ಲಿ ಮಗ ಯೋಗಾನಂದ, ಸೊಸೆ ದಿವ್ಯ, ಎರಡೂವರೆ ವರ್ಷದ ಮೊಮ್ಮಗಳು ಕವನಾ. ಯೋಗಾನಂದ ರಾಜರಾಜೇಶ್ವರಿನಗರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದ. ದಿವ್ಯ ನರ್ಸರಿ ಶಾಲೆಯೊಂದರಲ್ಲಿ ಟೀಚರ್. ಹಗಲೆಲ್ಲಾ ಮಗು ಅಜ್ಜಿಯ ಜೊತೆ. ಅಜ್ಜಿಯ ಜೊತೆ ಎಂದರೆ ಹಿತ್ತಲಲ್ಲಿ, ಮಣ್ಣಿನಲ್ಲಿ.

ಮೊದಲು ಏನೂ ಗೊತ್ತಾಗಲಿಲ್ಲ. ಮಗು ಊಟ ಸೇರದೆ ತಳ್ಳತೊಡಗಿತು. ಹೊಟ್ಟೆ ಹಿಡಿದುಕೊಂಡು ಅಳುವುದು, ಕಾರಣವಿಲ್ಲದೆ ರಚ್ಚೆ ಹಿಡಿಯುವುದು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ದೃಷ್ಟಿ ತೆಗೆದದ್ದಾಯಿತು, ಅಂತ್ರ ಕಟ್ಟಿಸಿದ್ದಾಯಿತು, ಬಜೆ ತೇಯ್ದು ನೆಕ್ಕಿಸಿದ್ದಾಯಿತು. ಆದರೆ ದಿವ್ಯಳ ಎದೆ ಒಡೆದದ್ದು ಬೇರೊಂದಕ್ಕೆ. ‘ಬಸ್ಸು ಬಂತು’, ‘ಅಪ್ಪ ಆಫೀಸು’ ಎಂದು ಎರಡೆರಡು ಪದ ಜೋಡಿಸುತ್ತಿದ್ದ ಮಗು ಒಂದೊಂದೇ ಮಾತು ಬಿಡುತ್ತಾ ಬಂದು, ಕೊನೆಗೆ ಬೇಕಾದ್ದಕ್ಕೆ ಬೆರಳು ತೋರಿಸಿ ಸುಮ್ಮನಾಗಿಬಿಡುತ್ತಿತ್ತು.

“ಅತ್ತೆ, ಇದು ದೃಷ್ಟಿ ಅಲ್ಲ. ನಾಳೆ ರಜಾ ಹಾಕ್ತೀನಿ, ಡಾಕ್ಟರ್ ಹತ್ರ ಹೋಗೋಣ,” ಎಂದಳು ದಿವ್ಯ. ಸೊಸೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ವೆಂಕಟಲಕ್ಷ್ಮಮ್ಮ ಎದುರಾಡಲಿಲ್ಲ.

ರಾಜಾಜಿನಗರದ ಮಕ್ಕಳ ಡಾಕ್ಟರಮ್ಮ ಮಗುವಿನ ಕಣ್ಣು, ಒಸಡು, ಹೊಟ್ಟೆ ಎಲ್ಲ ನೋಡಿ ಅಜ್ಜಿಯ ಕಡೆ ತಿರುಗಿದರು. “ಅಜ್ಜಿ, ಮಗು ಮಣ್ಣು ತಿನ್ನುತ್ತಾ?”

“ತಿಂತಾಳೆ. ಯಾವ ಮಗು ತಿನ್ನಲ್ಲ ಹೇಳಿ? ಇವಳಪ್ಪ ಅದೇ ಹಿತ್ತಲಲ್ಲಿ ಬೊಗಸೆಗಟ್ಟಲೆ ತಿಂದವನು. ಹೆಂಗಿದಾನೆ ನೋಡಿ, ಕಂಬದ ಹಾಗೆ.”

“ಮನೆ ಹತ್ರ ಏನೇನು ಕೆಲಸ ನಡೆಯತ್ತೆ? ಪೇಂಟ್ ಹೊಡೆಯೋದು, ಹಳೇ ಬ್ಯಾಟರಿ, ಏನಾದ್ರೂ ಕರಗಿಸೋದು?”

ವೆಂಕಟಲಕ್ಷ್ಮಮ್ಮ ಸೊಸೆಯ ಕಡೆ ನೋಡಿದಳು. ದಿವ್ಯ ಮೆಲ್ಲಗೆ, “ಅತ್ತೆ, ರುದ್ರೇಶನ ಶೆಡ್ಡು,” ಎಂದಳು.

ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬಂದ ದಿನ ಯೋಗಾನಂದನೂ ಜೊತೆಗಿದ್ದ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಮಗುವಿನ ರಕ್ತದಲ್ಲಿ ಸೀಸ ಸೇರಿದೆ. ಮೂವತ್ತೆಂಟು ಇದೆ. ಐದಿದ್ದರೇ ನಾವು ಎಚ್ಚರಿಕೆ ಹೇಳುತ್ತೇವೆ.

“ಸೀಸ ಅಂದ್ರೆ ಈ ಸೀಸದಕಡ್ಡಿಯಲ್ಲಿ ಇರತ್ತಲ್ಲ, ಅದಾ?” ವೆಂಕಟಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. “ಇವಳಿನ್ನೂ ಪೆನ್ಸಿಲ್ಲೇ ಹಿಡಿದಿಲ್ವಲ್ಲಾ!”

“ಸೀಸದಕಡ್ಡಿ ಅಂತ ಹೆಸರಷ್ಟೇ ಅಜ್ಜಿ, ಅದರಲ್ಲಿ ಸೀಸ ಇಲ್ಲವೇ ಇಲ್ಲ. ಇರೋದು ಬ್ಯಾಟರಿಯಲ್ಲಿ. ಕರಗಿಸಿದಾಗ ಹೊಗೆಯಲ್ಲಿ, ಧೂಳಿನಲ್ಲಿ ಹೊರಗೆ ಬಂದು ಮಣ್ಣಿಗೆ ಕೂತ್ಕೊಳ್ಳತ್ತೆ. ಮಗು ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ. ಅದಕ್ಕೇ ಮಣ್ಣು ತಿನ್ನೋ ಆಸೆ. ಕಬ್ಬಿಣ ಕಮ್ಮಿ ಇರೋ ಮೈ ಸೀಸಾನ ಇನ್ನೂ ಜಾಸ್ತಿ ಎಳ್ಕೊಳ್ಳತ್ತೆ.”

ಯೋಗಾನಂದ, “ಮೇಡಂ, ಇಂಥದ್ದು ಯಾರಿಗೂ ಗೊತ್ತೇ ಇಲ್ವಾ?” ಎಂದು ಕೇಳಿದ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಗೊತ್ತಿಲ್ಲ ಅಂತಲ್ಲ. ಹಿಂದೆ ಪೆಟ್ರೋಲಿಗೇ ಸೀಸ ಬೆರೆಸ್ತಿದ್ರು. ನೀವು ಚಿಕ್ಕವರಿದ್ದಾಗ ಬೆಂಗಳೂರಿನ ಪ್ರತಿ ಸಿಗ್ನಲ್ಲಲ್ಲೂ ಅದನ್ನೇ ಉಸಿರಾಡಿದೀರ. ವಿಷ ಅಂತ ಎಷ್ಟೋ ದಶಕದ ಮುಂಚೆಯೇ ಗೊತ್ತಿತ್ತು, ಮಾರೋರಿಗೂ ಗೊತ್ತಿತ್ತು. ನಮ್ಮ ದೇಶದಲ್ಲಿ ಪೂರ್ತಿ ನಿಂತಿದ್ದು ಎರಡು ಸಾವಿರನೇ ಇಸವಿಯಲ್ಲಿ. ಪೇಂಟಿಗೆ ಬಿಗಿ ಕಾನೂನು ಬಂದು ಹತ್ತು ವರ್ಷವೂ ಆಗಿಲ್ಲ ಅನ್ನಬಹುದು. ಈಗ ಉಳಿದಿರೋದು ಗಲ್ಲಿಯೊಳಗಿನದು. ಅಲ್ಲಿಗೆ ಯಾರೂ ಹುಡುಕ್ಕೊಂಡು ಬರಲ್ಲ.”

“ನನ್ ಕೂಸು?” ವೆಂಕಟಲಕ್ಷ್ಮಮ್ಮನ ದನಿ ಆಕೆಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

“ಮೊದಲು ಆ ಕೆಲಸ ನಿಲ್ಲಬೇಕು. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ಔಷಧಿ ಕೊಡ್ತೀನಿ. ರಾಗಿ, ಸೊಪ್ಪು, ಹಾಲು ಹೊಟ್ಟೆ ತುಂಬಾ ಕೊಡಿ. ಇಳಿಯತ್ತೆ ಅಜ್ಜಿ. ನಿಧಾನಕ್ಕೆ ಇಳಿಯತ್ತೆ. ಬೇಗ ಸಿಕ್ಕಿದೆ ನಮಗೆ, ಅದೇ ಪುಣ್ಯ.”

‘ಇಳಿಯತ್ತೆ’ ಎನ್ನುವ ಒಂದು ಮಾತನ್ನು ಹಿಡಿದುಕೊಂಡು ಆಕೆ ಮನೆಗೆ ಬಂದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಸೀದಾ ಹಿತ್ತಲಿಗೆ ನಡೆದಳು.

“ಏಯ್ ರುದ್ರೇಶ! ಬಾರೋ ಹೊರಗೆ! ನನ್ ನೆಲದಲ್ಲಿ ಕೂತ್ಕೊಂಡು ನನ್ ಮೊಮ್ಮಗಳಿಗೇ ವಿಷ ಹಾಕ್ತೀಯೇನೋ? ಇವತ್ತೇ ಕಟ್ಟು ಗಂಟು ಮೂಟೆ!”

ರುದ್ರೇಶ ಹೊರಗೆ ಬಂದ. ಮೂಗಿಗೊಂದು ಟವೆಲ್, ರೆಪ್ಪೆಯ ಮೇಲೆಲ್ಲ ಬೂದಿ. ಅವನ ಹಿಂದೆ, ಶೆಡ್ಡಿಗೆ ಅಂಟಿಕೊಂಡ ಅವನ ಮನೆಯ ಮೆಟ್ಟಿಲ ಮೇಲೆ, ಐದು ವರ್ಷದ ಮಗಳು ತನ್ಮಯಿ ಕೂತಿದ್ದಳು. ಮೊಣಕಾಲು ಎದೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು. ಅದೇ ಬಿಳಿಚಿದ ಮುಖ. ಇಷ್ಟು ದೊಡ್ಡ ಗಲಾಟೆಯಾದರೂ ತಲೆಯೆತ್ತಿ ನೋಡದ ಅದೇ ಮಂಕು.

ವೆಂಕಟಲಕ್ಷ್ಮಮ್ಮ ರುದ್ರೇಶನನ್ನು ದಾಟಿ ಮೆಟ್ಟಿಲ ಹತ್ತಿರ ಹೋದಳು.

“ಇವಳಿಗೇನಾಗಿದೆ?”

ರುದ್ರೇಶನ ಹೆಂಡತಿ ಲಕ್ಷ್ಮವ್ವ ಒಳಗಿನಿಂದ ಬಂದಳು. “ಹೊಟ್ಟಿ ನೋವು ಅಂತಾಳ್ರಿ ಅಮ್ಮಾರ. ಭಾಳ ದಿನಾತ್ರಿ. ಜಂತಿನ ಔಷಧ ಕೊಟ್ಟೇವಿ, ಕಡಿಮಿ ಆಗಿಲ್ಲ. ಸಾಲ್ಯಾಗೂ ಹುಡುಗಿ ಮಂದ ಅದಾಳ ಅಂತಾರ್ರಿ.”

“ಮಂದನೂ ಇಲ್ಲ ಗಿಂದನೂ ಇಲ್ಲ. ಸೀರೆ ಬದಲಾಯಿಸ್ಕೊಂಡು ಬಾ. ಆಟೋ ಕರೀತೀನಿ.”

ಬೈಯಲು ಹೋದವಳು ಅದೇ ಸಂಜೆ ಬೈಸಿಕೊಂಡವನ ಹೆಂಡತಿ, ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಮತ್ತೆ ಅದೇ ಡಾಕ್ಟರಮ್ಮನ ಬಾಗಿಲಿಗೆ ಹೋದಳು. ರಿಪೋರ್ಟು ಬಂದಾಗ ತನ್ಮಯಿಯದು ಐವತ್ತು ದಾಟಿತ್ತು. ಇಷ್ಟಾದರೆ ಆಹಾರ, ಟಾನಿಕ್ ಸಾಲದು, ಸೀಸವನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಔಷಧಿ ಬೇಕು, ಆಸ್ಪತ್ರೆಗೆ ಸೇರಿಸಬೇಕು ಎಂದರು. ಆ ಔಷಧಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಡಾಕ್ಟರಮ್ಮ ಅಲ್ಲಿ ಇಲ್ಲಿ ಫೋನು ಮಾಡಿ, ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿ, ಔಷಧಿ ತರಿಸುವ ಏರ್ಪಾಡು ಮಾಡಿದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ರುದ್ರೇಶ ಗೋಡೆಗೆ ಒರಗಿ ನಿಂತಿದ್ದ. ಮುಖ ತೊಳೆದುಕೊಂಡು ಬಂದಿದ್ದ. ತೊಳೆದ ಮುಖದಲ್ಲಿ ಅವನೂ ಹುಡುಗನ ಹಾಗೇ ಕಾಣುತ್ತಿದ್ದ.

“ನನ್ ಮಗಳಿಗೆ ನಾನಽ ವಿಷ ಹಾಕ್ತೀನೇನ್ರಿ ಅಮ್ಮಾರ? ನನಗ ಗೊತ್ತಿದ್ದಿಲ್ಲ. ಇದಽ ಅಂಗಿ ಮ್ಯಾಲ ಮನೀಗೆ ಹೋಗಿ ಅಕಿನ್ನ ಎತ್ಕೋತಿದ್ದೆ.”

“ಮುಂಚೆ ಎಲ್ಲಿ ಮಾಡ್ತಿದ್ದೆ ಈ ಕೆಲಸ?”

“ಬ್ಯಾರೆ ಏರಿಯಾದಾಗರಿ. ಹೊಗಿ ಬರ್ತದ ಅಂತ ಅಲ್ಲಿ ಮಂದಿ ಕಂಪ್ಲೇಂಟ್ ಕೊಟ್ರು. ಬಾಗಲಾ ಹಾಕ್ಸಿದ್ರು. ಇಲ್ಲಿಗೆ ಬಂದೆ. ನೀವು ಬಿಡ್ರಿ ಅಂದ್ರ ಮುಂದಿನ ಏರಿಯಾ. ನನಗ ಬರೋದು ಇದೊಂದಽ ಕೆಲಸ.”

ಆ ಮಾತು ವೆಂಕಟಲಕ್ಷ್ಮಮ್ಮನ ತಲೆಯಲ್ಲಿ ಕೊರೆಯುತ್ತಾ ಉಳಿಯಿತು. ಅಲ್ಲಿಯವರು ಓಡಿಸಿದ್ದಕ್ಕೆ ಇಲ್ಲಿಗೆ ಬಂದ. ತಾನು ಓಡಿಸಿದರೆ ಇನ್ನೊಬ್ಬಳ ಹಿತ್ತಲಿಗೆ ಹೋಗುತ್ತಾನೆ. ಅಲ್ಲೂ ಒಂದು ಕೂಸು ಮಣ್ಣಿನಲ್ಲಿ ಆಡುತ್ತಿರುತ್ತದೆ.

ಮನೆಯಲ್ಲಿ ಯೋಗಾನಂದ ಕೂಗಾಡಿದ. “ಅಮ್ಮ, ಖಾಲಿ ಮಾಡ್ಸು ಅಂದ್ರೆ ಅವನ ಮಗೂಗೆ ಟಿಫನ್ ಕ್ಯಾರಿಯರ್ ಹೊರ್ತಿದೀಯಲ್ಲ!”

“ಕುಲುಮೆ ಖಾಲಿ ಆಗತ್ತೆ ಕಣೋ. ಮನುಷ್ಯರು ಇರ್ತಾರೆ,” ಎಂದಳು. “ಶೆಡ್ಡು ಕೊಟ್ಟಿದ್ದು ನಾನು. ಒಳಗೆ ಬಗ್ಗಿ ನೋಡದೇ ಇದ್ದಿದ್ದೂ ನಾನೇ. ಎಲ್ಲಾನೂ ಅವನ ತಲೆಗೆ ಕಟ್ಟಿ ನಾನು ಕೈ ತೊಳ್ಕೊಳ್ಳಲಾ?”

ತನ್ಮಯಿಯನ್ನು ಡಾಕ್ಟರಮ್ಮನಿಗೆ ತೋರಿಸಿದ ಮಾರನೆಯ ದಿನವೇ ಕುಲುಮೆ ಆರಿತ್ತು. ಯೋಗಾನಂದನೇ ಮಾಲಿನ್ಯ ಮಂಡಳಿಗೆ ಬರೆದು ತಿಳಿಸಿದ. ಅಧಿಕಾರಿಗಳು ಬಂದು ನೋಡಿ, ಕುಲುಮೆಗೆ ಸೀಲು ಹಾಕಿ, ರುದ್ರೇಶನಿಗೆ ಬುದ್ಧಿ ಹೇಳಿದರು. ಬ್ಯಾಟರಿಯನ್ನು ಒಡೆಯದೆ, ಇಡಿಯಾಗಿ ಸಂಗ್ರಹಿಸಿ, ಲೈಸೆನ್ಸ್ ಇರುವ ದೊಡ್ಡ ಕಾರ್ಖಾನೆಗೆ ಕೊಡುವ ದಾರಿಯೂ ಇದೆ ಎಂದು ಅವರಲ್ಲೊಬ್ಬರು ತಿಳಿಸಿದರು. ಲಾಭ ಕಮ್ಮಿ. ಆದರೆ ಹೊಗೆಯಿಲ್ಲ, ಬೂದಿಯಿಲ್ಲ. ರುದ್ರೇಶ ಸ್ವಲ್ಪ ದಿನ ಹಿಂದೆ ಮುಂದೆ ನೋಡಿ, ಆಸ್ಪತ್ರೆಗೆ ಹೋಗಿ ಮಗಳನ್ನು ನೋಡಿಕೊಂಡು ಬಂದು, ಒಪ್ಪಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ರಸ್ತೆಯಲ್ಲಿ ಯಾರಿಗೂ ತೊಂದರೆಯಿರಲಿಲ್ಲ. ಆದರೆ ವೆಂಕಟಲಕ್ಷ್ಮಮ್ಮನಿಗೆ ಹೊಸದೊಂದು ಯೋಚನೆ ಹತ್ತಿತ್ತು: ಗಾಳಿ ನಮ್ಮ ಕಾಂಪೌಂಡಿನೊಳಗೇ ನಿಲ್ಲುತ್ತದೆಯೇ? ರಸ್ತೆಯ ಮಕ್ಕಳಿಗೆಲ್ಲ ರಕ್ತ ಪರೀಕ್ಷೆ ಆಗಬೇಕು.

ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿಯ ಡಾಕ್ಟರು ಒಳ್ಳೆಯ ಮನುಷ್ಯ, ಕೈ ಮುಗಿದರು. “ಅಮ್ಮಾ, ಡೆಂಗ್ಯೂ ಅಂದ್ರೆ ನಾಳೆನೇ ಬರ್ತೀನಿ. ಲಸಿಕೆ ಅಂದ್ರೆ ಇವತ್ತೇ. ಸೀಸಕ್ಕೆ ಅಂತ ನಮಗೆ ಯಾವ ಆದೇಶನೂ ಇಲ್ಲ, ಮಿಷನ್ನೂ ಇಲ್ಲ.”

“ಮಕ್ಕಳಂತೂ ಇದಾರಲ್ಲ ಸಾರ್,” ಎಂದು ಆಕೆ ಬೆಂಚಿನ ಮೇಲೆ ಕೂತಳು. ಕೂತೇ ಇದ್ದಳು. ದಿನವೂ ಹೋಗಿ ಕೂತಳು. ಕೊನೆಗೆ ಆ ಡಾಕ್ಟರೂ ರಾಜಾಜಿನಗರದ ಡಾಕ್ಟರಮ್ಮನೂ ಫೋನಿನಲ್ಲಿ ಮಾತಾಡಿಕೊಂಡು, ಒಂದು ಮೆಡಿಕಲ್ ಕಾಲೇಜಿನವರನ್ನು ಒಪ್ಪಿಸಿ, ಅಂಗನವಾಡಿಯಲ್ಲಿ ಒಂದು ಭಾನುವಾರ ಕ್ಯಾಂಪು ಎಂದು ಗೊತ್ತು ಮಾಡಿದರು.

ಸುದ್ದಿ ಹರಡಿದ ಸಂಜೆಯೇ ಎದುರು ಮನೆಯ ವೆಂಕಟಸ್ವಾಮಿ ಬಂದ. ಗಂಡನ ಕಡೆಯಿಂದ ಮೈದುನನಾಗಬೇಕಾದವನು. ನಾಲ್ಕು ಕಟ್ಟಡದ ಓನರ್. ವರ್ಷಗಟ್ಟಲೆಯಿಂದ ನಡೆಯದಿರುವ ಪಾಲಿಕೆ ಚುನಾವಣೆಯ ಟಿಕೆಟ್ಟಿಗೆ ಕಾಯುತ್ತಾ, ಹಬ್ಬಕ್ಕೊಂದು ಫ್ಲೆಕ್ಸ್ ಕಟ್ಟಿಸುತ್ತಿದ್ದ.

“ಅತ್ತಿಗೆ, ಸ್ವಲ್ಪ ಯೋಚನೆ ಮಾಡಿ. ಕ್ಯಾಂಪು ಅಂದ್ರೆ ಟಿವಿಯವರು ಬರ್ತಾರೆ. ವಿಷದ ರಸ್ತೆ ಅಂತ ತೋರಿಸ್ತಾರೆ. ಆಮೇಲೆ ನಮ್ಮ ಮನೆಗಳಿಗೆ ಬಾಡಿಗೆಗೆ ಯಾರು ಬರ್ತಾರೆ? ಸೈಟಿನ ರೇಟು ಏನಾಗತ್ತೆ? ನಿಮ್ದೂ ಇದೆಯಲ್ಲ ಆಸ್ತಿ.”

“ನಿನ್ ಮೊಮ್ಮಗ ಚೆನ್ನಾಗಿ ಊಟ ಮಾಡ್ತಿದಾನೇನಪ್ಪಾ?” ಎಂದು ಕೇಳಿದಳು ವೆಂಕಟಲಕ್ಷ್ಮಮ್ಮ.

“ಅದಕ್ಕೂ ಇದಕ್ಕೂ ಏನ್ ಸಂಬಂಧ?”

“ಏನೂ ಇಲ್ಲ. ಸುಮ್ನೆ ಕೇಳ್ದೆ. ಭಾನುವಾರ ಬೆಳಗ್ಗೆ ಅಂಗನವಾಡಿ. ಬರೋರು ಬರಲಿ.”

ಭಾನುವಾರ ಲ್ಯಾಬಿನವರು ಬಂದು ಟೇಬಲ್ ಜೋಡಿಸಿದರು. ದಿವ್ಯ ನರ್ಸರಿ ಶಾಲೆಯಿಂದ ಬಣ್ಣದ ಕಾಗದ ತಂದು ಗೋಡೆಗೆ ಅಂಟಿಸಿದ್ದಳು. ಬಿಸ್ಕತ್ತು, ಬಾಳೆಹಣ್ಣು ಎಲ್ಲ ಇತ್ತು. ಮಕ್ಕಳಿರಲಿಲ್ಲ. ಬಾಡಿಗೆ ಮನೆಗಳವರು ಎರಡು ಮೂರು ಜನ ಬಂದು ಹೋದರು. ಉಳಿದವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಓನರುಗಳ ಮಾತು ಮೀರಿ ಬಂದರೆ ನಾಳೆ ಮನೆ ಬಿಡಿ ಎಂದಾರೆಂಬ ಭಯ.

ವೆಂಕಟಲಕ್ಷ್ಮಮ್ಮ ಹೊಸಿಲಲ್ಲಿ ನಿಂತಿದ್ದಾಗ ಹಿಂದಿನ ಗಲ್ಲಿಯಿಂದ ಒಬ್ಬಳು ಹೆಂಗಸು ವೇಲು ತಲೆಗೆ ಹೊದ್ದು, ಮಗುವನ್ನು ಸೊಂಟಕ್ಕಿಟ್ಟುಕೊಂಡು ಸರಸರನೆ ಬಂದಳು. ವೆಂಕಟಸ್ವಾಮಿಯ ಸೊಸೆ.

“ದೊಡ್ಡಮ್ಮ, ಬೇಗ ಮುಗಿಸಿ ಕಳಿಸ್ತೀರಾ? ಮಾವ ವಾಕಿಂಗ್ ಹೋಗಿದಾರೆ,” ಎಂದಳು. ಆಮೇಲೆ ಕಣ್ಣು ತುಂಬಿಕೊಂಡು, “ಇವನೂ ಸರಿಯಾಗಿ ಊಟ ಮಾಡ್ತಿಲ್ಲ,” ಎಂದಳು.

ಅವಳು ಒಳಗೆ ಹೋದದ್ದನ್ನು ಇಡೀ ರಸ್ತೆ ನೋಡಿತ್ತು. ಒಂದು ಬಾಗಿಲು ತೆರೆಯಿತು, ಮತ್ತೊಂದು ತೆರೆಯಿತು. ಸ್ವಲ್ಪ ಹೊತ್ತಿಗೆ ಅಂಗನವಾಡಿಯ ಮುಂದೆ ಸಾಲು. ಸೂಜಿ ಕಂಡ ಮಕ್ಕಳ ಅಳು, ಬಿಸ್ಕತ್ತು ಕಂಡ ಮಕ್ಕಳ ನಗು ಎರಡೂ ಸೇರಿ ಯಾರ ಮಾತೂ ಯಾರಿಗೂ ಕೇಳದ ಹಾಗಾಯಿತು. ವಾಕಿಂಗ್ ಮುಗಿಸಿ ಬಂದ ವೆಂಕಟಸ್ವಾಮಿ ಆ ಸಾಲು ನೋಡಿ ಒಂದು ಗಳಿಗೆ ನಿಂತ. ಆಮೇಲೆ ತಾನೇ ಕುರ್ಚಿಗಳನ್ನು ತರಿಸಿ ಹಾಕಿಸತೊಡಗಿದ. ಕ್ಯಾಂಪು ತನ್ನದೇ ಎನ್ನುವ ಹಾಗೆ ಓಡಾಡಿದ. ವೆಂಕಟಲಕ್ಷ್ಮಮ್ಮನಿಗೆ ನಗು ಬಂತು. ಓಡಾಡಲಿ ಬಿಡು, ಎಂದುಕೊಂಡಳು.

ಫಲಿತಾಂಶ ಬರುವವರೆಗೆ ಆಕೆ ದಿನವೂ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ ಬರುತ್ತಿದ್ದಳು. ಡಾಕ್ಟರಮ್ಮ ಫೋನು ಮಾಡಿದಾಗ ಸೊಪ್ಪು ಬಿಡಿಸುತ್ತಾ ಕೂತಿದ್ದಳು. “ಅಜ್ಜಿ, ಹೆಚ್ಚಿನ ಮಕ್ಕಳಿಗೆ ಹೆದರಿಕೆಯಿಲ್ಲ. ಶೆಡ್ಡಿನ ಸುತ್ತ ಇರೋ ಕೆಲವರಿಗೆ ಸ್ವಲ್ಪ ಜಾಸ್ತಿ ಇದೆ. ಕವನಾಗೆ ಕೊಟ್ಟಂಥ ಔಷಧಿ, ಊಟ ಸಾಕು. ಆಸ್ಪತ್ರೆ ಬೇಕಾಗೋರು ಇನ್ಯಾರೂ ಇಲ್ಲ.” ವೆಂಕಟಸ್ವಾಮಿಯ ಮೊಮ್ಮಗನಿಗೆ ಏನೂ ಇರಲಿಲ್ಲ. ಬರೀ ಚಿಪ್ಸ್ ಚಟ. ವೆಂಕಟಲಕ್ಷ್ಮಮ್ಮ ಸೊಪ್ಪಿನ ಮೊರ ಬದಿಗಿಟ್ಟು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಳು. ಅತ್ತೆಗೆ ಏನೋ ಆಯಿತೆಂದು ಓಡಿ ಬಂದ ದಿವ್ಯ, ಆಕೆಯ ಮುಖ ನೋಡಿ ತಾನೂ ಪಕ್ಕದಲ್ಲೇ ಕೂತುಬಿಟ್ಟಳು. ಟಿವಿಯವರು ಬರಲೇ ಇಲ್ಲ. ಬಾಡಿಗೆ ಮನೆಗಳೂ ಖಾಲಿ ಬೀಳಲಿಲ್ಲ.

ಉಳಿದದ್ದು ಹಿತ್ತಲ ಮಣ್ಣು. ಮೇಲಿನ ಪದರವನ್ನು ಕೆರೆದು ತೆಗೆಯಬೇಕು ಎಂದಿದ್ದರು. ಟ್ರ್ಯಾಕ್ಟರ್ ಹುಡುಗ ಬಂದು ನೋಡಿ, “ಒಂದೇ ದಿನದ ಕೆಲಸ ಆಂಟಿ. ತುಂಬ್ಕೊಂಡು ಹೋಗಿ ಕೆಂಗೇರಿ ಆಚೆ ಎಲ್ಲಾದ್ರೂ ಸುರಿದು ಬರ್ತೀನಿ,” ಎಂದ.

“ಕೆಂಗೇರಿ ಆಚೆ ಮಕ್ಕಳಿಲ್ವೇನೋ?”

ಅವನು ತಲೆ ಕೆರೆದುಕೊಂಡು ಹೊರಟುಹೋದ. ಮಂಡಳಿಯವರು ಹೇಳಿಕೊಟ್ಟಂತೆ, ನೀರು ಚಿಮುಕಿಸಿ, ಧೂಳೇಳದ ಹಾಗೆ ಮಣ್ಣನ್ನು ಕೆರೆದು, ದಪ್ಪ ಚೀಲಗಳಲ್ಲಿ ತುಂಬಿ ಟಾರ್ಪಾಲು ಹೊದಿಸಿದರು. ಗುದ್ದಲಿ ಹಿಡಿದವನು ರುದ್ರೇಶ. ಮಾಸ್ಕು ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಹೊರಗಿನ ನಲ್ಲಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಮನೆಯೊಳಗೆ ಹೋಗುತ್ತಿದ್ದ. ಅಪಾಯದ ಕಸ ಹೂಳುವ ಜಾಗಕ್ಕೆ ಒಯ್ಯುವ ಲಾರಿ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಯೋಗಾನಂದ ಆಫೀಸಿನಿಂದ ಬಂದವನೇ ಒಂದಲ್ಲ ಒಂದು ಕಚೇರಿಗೆ ಫೋನು ಹಚ್ಚುತ್ತಿದ್ದ. ರುದ್ರೇಶನನ್ನು ಓಡಿಸಬೇಕು ಎಂದು ಕೂಗಾಡಿದವನು ಈಗ ಅವನ ಜೊತೆಯೇ ನಿಂತು ಟಾರ್ಪಾಲಿಗೆ ಹಗ್ಗ ಬಿಗಿಯುತ್ತಿದ್ದ.

ಚೀಲಗಳು ಲಾರಿ ಹತ್ತಿದ ದಿನ ನೆರೆಯವಳೊಬ್ಬಳು, “ಮಾವ ರಾಗಿ ಬೆಳೆದ ಮಣ್ಣು, ಹೊಟ್ಟೆ ಉರಿಯಲ್ವಾ ಓನರಮ್ಮ?” ಎಂದು ಕೇಳಿದಳು. ವೆಂಕಟಲಕ್ಷ್ಮಮ್ಮ ಯೋಚಿಸಿ ನೋಡಿದಳು. ಉರಿಯಲಿಲ್ಲ. ಬಸುರಿ ಹೆತ್ತು ಮಲಗಿದ ಹಾಗೆ ಮೈ ಹಗುರಾಗಿತ್ತು. ಹಿತ್ತಲ ಅರ್ಧಕ್ಕೆ ಸಿಮೆಂಟು ಬಿತ್ತು. ಉಳಿದರ್ಧಕ್ಕೆ ತಾವರೆಕೆರೆ ಕಡೆಯಿಂದ ಪರೀಕ್ಷೆ ಮಾಡಿಸಿ ತಂದ ಕೆಮ್ಮಣ್ಣು ಬಿತ್ತು.

ತನ್ಮಯಿಗೆ ಆ ಔಷಧಿಯನ್ನು ಎರಡು ಸಲ ಕೊಡಬೇಕಾಯಿತು. ಎರಡನೇ ಸಲ ಮನೆಗೆ ಬಂದಾಗ ಮೆಟ್ಟಿಲ ಮೇಲೆ ಕೂರಲಿಲ್ಲ, ಇಳಿದು ಓಡಿದಳು. ಓದು ಹಿಂದೆ ಬಿದ್ದದ್ದು ಪೂರ್ತಿ ಸರಿಯಾಗುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಿವ್ಯ ದಿನವೂ ಸಂಜೆ ಅವಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದಳು.

ಮೊನ್ನೆ ಪರೀಕ್ಷೆಯ ರಿಪೋರ್ಟು ಕೇಳಲು ಎರಡೂ ಮನೆಯವರು ಒಟ್ಟಿಗೇ ಹೋಗಿದ್ದರು. ಕವನಾಳದು ಹನ್ನೊಂದಕ್ಕೆ ಇಳಿದಿತ್ತು, ತನ್ಮಯಿಯದು ಹದಿನೆಂಟಕ್ಕೆ. “ಇನ್ನೂ ಇಳಿಯತ್ತೆ. ಇನ್ನು ಆರು ತಿಂಗಳು ನನ್ನ ಮುಖ ನೋಡಬೇಡಿ,” ಎಂದು ಡಾಕ್ಟರಮ್ಮ ನಕ್ಕರು. ಲಕ್ಷ್ಮವ್ವ ಅಲ್ಲೇ ಬಾಗಿಲಲ್ಲಿ ಗಳಗಳನೆ ಅತ್ತುಬಿಟ್ಟಳು. “ಅಳೋದನ್ನ ಹೊಟ್ಟೆ ತುಂಬಿದ ಮೇಲೆ ಅಳು, ನಡೀ,” ಎಂದು ವೆಂಕಟಲಕ್ಷ್ಮಮ್ಮ ಅವಳ ಭುಜ ಹಿಡಿದುಕೊಂಡು ಎದುರಿನ ದರ್ಶಿನಿಗೆ ಕರೆದೊಯ್ದಳು.

ಸ್ಟೀಲಿನ ಮೇಜಿನ ಸುತ್ತ ಎಲ್ಲರೂ ನಿಂತರು. ಮಕ್ಕಳಿಗೆ ಒಂದು ತಟ್ಟೆಯಲ್ಲಿ ಇಡ್ಲಿ ವಡೆ. ಯೋಗಾನಂದ ಆಫೀಸಿನಿಂದ ಫೋನು ಮಾಡಿದ. ವೆಂಕಟಲಕ್ಷ್ಮಮ್ಮ ರಿಪೋರ್ಟಿನ ಸಂಗತಿ ಹೇಳುತ್ತಿರುವಾಗ ಯಾರೋ ಸೆರಗು ಹಿಡಿದು ಜಗ್ಗಿದರು. ಕವನಾ ಬೆರಳು ತೋರಿಸುತ್ತಿದ್ದಳು. ಆದರೆ ಬರೀ ಬೆರಳಲ್ಲ.

“ಅಜ್ಜೀ, ಅಕ್ಕ ನನ್ ವಡೆ ತಿಂದ್ಬಿಟ್ಲು! ಅವಳಿಗೆ ಬೈಯಿ!”

ವೆಂಕಟಲಕ್ಷ್ಮಮ್ಮ ಫೋನು ಕಿವಿಯಿಂದ ಇಳಿಸಿ ಮೊಮ್ಮಗಳನ್ನೇ ನೋಡಿದಳು. ಫೋನಿನಲ್ಲಿ ಯೋಗಾನಂದ, “ಅಮ್ಮಾ? ಅಮ್ಮಾ, ಏನಾಯ್ತು?” ಎಂದು ಗಾಬರಿಯಾಗುತ್ತಿದ್ದ.

“ಏನಿಲ್ಲ ಕಣೋ,” ಎಂದಳು ಕೊನೆಗೆ, ನಗುತ್ತಾ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. “ನಿನ್ ಮಗಳು ಚಾಡಿ ಹೇಳ್ತಿದಾಳೆ.”

ತನ್ಮಯಿ ಯಾರ ಕಡೆಗೂ ನೋಡದೆ ವಡೆಯ ಕೊನೆಯ ಚೂರನ್ನು ಚಟ್ನಿಗೆ ಅದ್ದಿಕೊಳ್ಳುತ್ತಿದ್ದಳು. ವೆಂಕಟಲಕ್ಷ್ಮಮ್ಮ ಕೌಂಟರಿನ ಕಡೆ ತಿರುಗಿ, ಇಡೀ ದರ್ಶಿನಿಗೆ ಕೇಳುವ ಹಾಗೆ, ಇನ್ನೂ ಎರಡು ವಡೆ ಹೇಳಿದಳು.